ಮೂರು ಮನೆ ಕೇಳುತ್ತಿದ್ದ ಮಾಸ್ತರರು

ಕಪಾಟಿನ ಕೀಲಿ ನನ್ನ ಕೈಗೆ ಬಂದು ಮೂರು ತಿಂಗಳಾಯಿತು. ಅಂದಿನಿಂದ ಕಿಸೆ ಮುಟ್ಟಿ ನೋಡಿಕೊಳ್ಳುವುದೇ ಒಂದು ಚಟವಾಗಿದೆ. ಕಳೆದುಹೋದರೆ ಗತಿಯೇನು ಎಂಬ ಚಿಂತೆ ಒಂದು ಕಡೆ. ಕಳೆಯದೆ ಇದ್ದರೆ ಯಾವತ್ತಾದರೂ ಆ ಕಪಾಟು ತೆರೆಯಲೇಬೇಕಲ್ಲ ಎಂಬ ಚಿಂತೆ ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದೆಂದು ತೀರ್ಮಾನಿಸಲಾಗದೆ ರಕ್ತದೊತ್ತಡದ ಗುಳಿಗೆ ನುಂಗಿ ಮಲಗುತ್ತಿದ್ದೆ.

ಕಪಾಟು ಇರುವುದು ಭಾಗ್ಯನಗರದ ನಮ್ಮ ಪುಟ್ಟ ಪ್ರಾರ್ಥನಾಲಯದಲ್ಲಿ. ತಗಡಿನ ಚಾವಣಿ, ನೀಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಬದಿಗೆ ಮಗ್ಗದ ಮನೆಗಳ ಸದ್ದು. ನಾನು ಕೊಪ್ಪಳದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಪ್ರಾರ್ಥನಾಲಯಕ್ಕೆ ಕಾರ್ಯದರ್ಶಿ. 'ಯಾರು ಆಗ್ತೀರಿ?' ಎಂದು ಕೇಳಿದಾಗ ಉಳಿದವರೆಲ್ಲ ನೆಲ ನೋಡಿದರು, ನಾನು ಚಾವಣಿ ಸೋರುತ್ತದೆಯೇ ಎಂದು ಮೇಲೆ ನೋಡುತ್ತಿದ್ದೆ. ತಲೆ ಎತ್ತಿದವನೇ ಒಪ್ಪಿದವನೆಂದು ಬರೆದುಕೊಂಡರು.

ಕಪಾಟಿನ ಪುಸ್ತಕಗಳು ನಮ್ಮ ಶನಿವಾರ ಸಂಜೆಯ ಪಾಠದ ಸರ್ ಅವರವು. ಕುಷ್ಟಗಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ ಬಂದವರು. ಎತ್ತರದ ಆಳು, ಬಾಗಿದ ಹೆಗಲು. ಕನ್ನಡಕಕ್ಕೆ ಕಟ್ಟಿದ ದಾರ ಮಾತ್ರ ಪ್ರತಿ ಕ್ರಿಸ್ಮಸ್ಸಿಗೆ ಹೊಸದು. ಅದೊಂದೇ ಅವರ ಶೋಕಿ. ಮಂಡಾಳ, ಅಂದರೆ ಮಂಡಕ್ಕಿ ಒಗ್ಗರಣೆಯ ತಟ್ಟೆ ಮುಂದಿಟ್ಟರೆ ಮೊದಲು ಶೇಂಗಾ ಆರಿಸಿ ಬದಿಗಿಟ್ಟು, ಎಲ್ಲ ಮುಗಿದ ಮೇಲೆ ಅವನ್ನು ಒಂದೊಂದಾಗಿ ತಿನ್ನುತ್ತಿದ್ದರು. 'ಕಡೀಗೆ ಛಲೋದು ಐತಿ ಅಂತ ಗೊತ್ತಿದ್ರ ನಡುವಿಂದು ತಿನ್ನಾಕ ಬ್ಯಾಸರ ಬರೂದಿಲ್ರಿ ಕಾರ್ಯದರ್ಶಿ ಸಾಹೇಬ್ರ' ಎನ್ನುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ಅವರ ಆಸ್ಥೆಯೂ ನಡುವಿನದ್ದರ ಮೇಲೆಯೇ. ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವಲ್ಲಿ ಒಂದು ಖಾಲಿ ಹಾಳೆ ಇರುತ್ತದೆ. ನಾನು ಹುಟ್ಟಿನಿಂದ ಈ ಪುಸ್ತಕ ಕಂಡವನು. ಆ ಹಾಳೆಯ ಮೇಲೆ ಮದುವೆ, ಸಾವುಗಳ ತಾರೀಖು ಬರೆಯಬಹುದೆಂದು ಮಾತ್ರ ತಿಳಿದಿದ್ದೆ. ಸರ್ ಮೊದಲ ದಿನವೇ ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು.

'ಈ ಕಡಿ ಪುಟದಾಗ ಪರ್ಷಿಯಾದವರ ರಾಜ್ಯ. ಆ ಕಡಿ ಪುಟದಾಗ ರೋಮಿನ ಸಿಪಾಯಿ ನಿಂತಾನ. ಈ ಕಡಿ ನೇಮನಿಷ್ಠಿ ಪಂಥದ ಒಬ್ಬ ಫರಿಸಾಯ ಇಲ್ಲ. ಆ ಕಡಿ ಎಲ್ಲಿ ನೋಡಿದ್ರೂ ಅವರ. ಊರೂರಿಗೆ ಯೆಹೂದ್ಯರ ಸಭಾಮಂದಿರ ಆಗ್ಯಾವು. ಯಾರ್ ಕಟ್ಟಿದ್ರು? ಯಾವಾಗ ಕಟ್ಟಿದ್ರು? ಹಾಳಿ ತಿರುವೂದರಾಗ ನಾಲ್ಕುನೂರು ವರ್ಷ ಹೋತಲ್ಲಪಾ!'

ಹಿಂದಿನ ಸಾಲಿನಿಂದ ಒಬ್ಬರು, 'ಆ ನಾಲ್ಕುನೂರು ವರ್ಷ ದೇವರು ಸುಮ್ಮನಿದ್ದನಂತ ಒಂದ ಪುಸ್ತಕದಾಗ ಐತ್ರಿ ಸರ್ರ' ಎಂದರು.

'ಅಂವ ಸುಮ್ಮನಿದ್ದನೋ, ಪುಸ್ತಕ ಬರದಾಂವ ಓದದ ಸುಮ್ಮನಿದ್ದನೋ?' ಎಂದರು ಸರ್. 'ನಮ್ಮ ಊರಿಂದ ನೋಡ್ರಿ. ಆನೆಗುಂದಿ ಅರಸರು ಇದ್ರು, ಈಗ ಡಿಸಿ ಆಫೀಸ್ ಐತಿ. ನಡುವ ನಿಜಾಮ ಬಂದು ಹೋಗ್ಯಾನೋ ಇಲ್ಲೋ? ಈ ಕಾರ್ಯದರ್ಶಿ ಸಾಹೇಬ್ರು ದಿನಾ ಬರಿಯೂ ತಹಸೀಲು, ಪಹಣಿ, ಜಮಾಬಂದಿ ಎಲ್ಲಾ ಯಾರ್ ಬಿಟ್ಟು ಹೋದ ಮಾತು? ನಡುವಿಂದು ಬಿಟ್ರ ಇವತ್ತಿಂದು ತಿಳಿಯೂದಿಲ್ಲ.'

ಪುಸ್ತಕ ಆರಿಸುವುದರಲ್ಲಿ ಅವರದೊಂದು ಕ್ರಮವಿತ್ತು. ಅದನ್ನು ಅವರು ಯಾವ ವಿಶ್ವವಿದ್ಯಾಲಯದಲ್ಲೂ ಕಲಿತದ್ದಲ್ಲ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಬಗ್ಗೆ ಮೂರು ಮನೆಯಲ್ಲಿ ವಿಚಾರಿಸುತ್ತಾರೆ: ಅವರದೇ ಮನೆ, ಗೋಡೆಗೆ ಗೋಡೆ ಹತ್ತಿದ ಬಾಜೂ ಮನೆ, ಅವರ ಜೊತೆ ಜಗಳವಾಡಿ ಮಾತು ಬಿಟ್ಟವರ ಮನೆ. ಮೊದಲನೆಯವರು ಹೊಗಳುತ್ತಾರೆ, ಮೂರನೆಯವರು ಬೈಯುತ್ತಾರೆ. ಬಾಜೂದವರು ಹೊಗಳಿಕೆಯಂತೆ ಶುರು ಮಾಡಿ ಎಲ್ಲೋ ಒಂದು ಕಡೆ ನಿಲ್ಲಿಸುತ್ತಾರೆ. ಆ ನಿಲ್ಲಿಸಿದ ಜಾಗವನ್ನು ಹಿರಿಯರು ಗುರುತಿಟ್ಟುಕೊಳ್ಳುತ್ತಾರೆ. ಸರ್ ಇದನ್ನೇ ಎರಡು ಸಾವಿರ ವರ್ಷ ಹಿಂದಿನ ಯೆಹೂದ್ಯರ ಇತಿಹಾಸಕ್ಕೆ ಹಚ್ಚಿದ್ದರು. ಯೆಹೂದ್ಯರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದು ಅವರ ಮನೆ. ಅದೇ ಕುಲದಲ್ಲಿ ಹುಟ್ಟಿ, ರೋಮಿನವರ ಅನ್ನ ಉಂಡು, ರೋಮಿನವರಿಗಾಗಿ ಬರೆದವನದು ಬಾಜೂ ಮನೆ. ಗ್ರೀಕರು ಬರೆದದ್ದು ಜಗಳದ ಮನೆ. ಈ ಮೂರನ್ನೂ ಕೇಳದೆ ಇವತ್ತಿನವನೊಬ್ಬ ಬರೆದ ಪುಸ್ತಕವಾದರೆ, ಎಷ್ಟೇ ಬಣ್ಣದ ನಕ್ಷೆ ಇರಲಿ, ಕಪಾಟಿನೊಳಗೆ ಪ್ರವೇಶವಿರಲಿಲ್ಲ.

ಹೊಸ ಪುಸ್ತಕ ಕೈಗೆ ಬಂದರೆ ಹಿಂದಿನಿಂದ ಬಿಚ್ಚುತ್ತಿದ್ದರು. ಲೇಖಕ ಯಾರ ಯಾರನ್ನು ಓದಿದ್ದಾನೆಂಬುದು ಕೊನೆಯ ಪುಟಗಳಲ್ಲಿರುತ್ತದೆ. ಆಮೇಲೆ ಒಳಗೆ ಎಲ್ಲಾದರೂ 'ಇದು ನಮಗೆ ಗೊತ್ತಿಲ್ಲ' ಎಂಬ ಮಾತು ಸಿಗುತ್ತದೆಯೇ ಎಂದು ಹುಡುಕುತ್ತಿದ್ದರು. ಸಿಕ್ಕರೆ ಮುಖ ಅರಳುತ್ತಿತ್ತು. 'ಗೊತ್ತಿಲ್ಲ ಅಂದಾನ ನೋಡ್ರಿ. ಇಂವನ್ನ ನಂಬಬಹುದು.' ಒಮ್ಮೆ ನಾನೇ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದೆ. ಯುದ್ಧವಿಮಾನ, ಬೆಂಕಿ, ಗುಡುಗಿನ ದನಿ. ಅಂದಿನ ನಾಲ್ಕುನೂರು ವರ್ಷಕ್ಕೂ ಇಂದಿನ ಯುದ್ಧಕ್ಕೂ ಗಂಟು ಹಾಕಿ ಹೆದರಿಸುವಂಥದ್ದು. ನಾನು ಆಗಲೇ ಹೆದರಿದ್ದೆ, ಜೊತೆ ಬೇಕಾಗಿತ್ತು.

'ಯಾರ ಪೈಕಿ ಇದು?' ಎಂದರು.

'ಗೊತ್ತಿಲ್ರಿ ಸರ್ರ, ಫಾರ್ವರ್ಡ್ ಬಂದೈತ್ರಿ.'

'ಹೆಸರಿಲ್ಲ, ಊರಿಲ್ಲ, ಹಾದ್ಯಾಗ ಬಂದಾನ. ಕನ್ಯಾ ಕೊಟ್ಟ ಬಿಟ್ರೇನು?'

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಇಂಥ ಮನುಷ್ಯ ಒಂದೇ ಒಂದು ಸಂಜೆ ಒಂದೇ ಮನೆ ಕೇಳಿ ಪಾಠ ಮಾಡಿದರು. ಇದನ್ನು ಹೇಳಲು ನನಗೆ ಮನಸ್ಸಿಲ್ಲ. ಆದರೆ ಇದನ್ನು ಬಿಟ್ಟು ಅವರ ಬಗ್ಗೆ ಉಳಿದದ್ದೆಲ್ಲ ಹೇಳಿದರೆ ನಾನೂ ಅವರ ಮನೆಯವನೊಬ್ಬನೇ ಆದಂತಾಗುತ್ತದೆ.

ಮೂರು ಮನೆಯ ಪಾಠ ಕೇಳಿ ಕೇಳಿ ಮಂದಿಗೆ ಬೇಸರ ಬಂದಿತ್ತು. ಒಂದು ಮಾತು ಹೇಳುವುದು, ಕೂಡಲೇ 'ಆದ್ರ ಬಾಜೂದಾಂವ ಹಿಂಗ ಅಂತಾನ' ಎನ್ನುವುದು. ತೂಕಡಿಸಿದವರ ತಲೆ ಕುರ್ಚಿಯ ಬೆನ್ನಿಗೆ ಬಡಿಯುತ್ತಿತ್ತು. ಆ ಶನಿವಾರ ಗಂಗಾವತಿಯಿಂದ ಪಾಠಕ್ಕೆ ಬರುತ್ತಿದ್ದ ಆಟೋದವರೊಬ್ಬರು ಬಾಯಿ ಬಿಟ್ಟೇ ಕೇಳಿದರು: 'ಸರ್ರ, ಇವತ್ತೊಂದಿನ ಆದ್ರ-ಗೀದ್ರ ಬಿಟ್ಟು ಬರೇ ಕಥಿ ಹೇಳ್ರಿ.' ಸರ್ ಎರಡು ಪುಸ್ತಕ ಮುಚ್ಚಿ ಬದಿಗಿಟ್ಟರು. ಶಾಲೆಯಲ್ಲಿದ್ದಾಗ ಅವರು ಕಥೆ ಹೇಳಿದರೆ ಬಾಜೂ ವರ್ಗದ ಮಕ್ಕಳೂ ಕಿಟಕಿಗೆ ಬರುತ್ತಿದ್ದರಂತೆ. ಅದು ಅವರಿಗೆ ನೆನಪಾಗಿರಬೇಕು.

ಅವರು ಹೇಳಿದ್ದು ಇದು. ಗ್ರೀಕ್ ಅರಸನೊಬ್ಬ ಯೆಹೂದ್ಯರ ದೇವಾಲಯ ಕೆಡಿಸಿ, ಊರೂರಿಗೆ ಅಧಿಕಾರಿ ಕಳಿಸಿ, ನಮ್ಮ ದೇವರಿಗೆ ಬಲಿ ಕೊಡಿರಿ ಎಂದು ಒತ್ತಾಯಿಸಿದ. ಒಂದು ಹಳ್ಳಿಯಲ್ಲಿ ವೃದ್ಧ ಯಾಜಕನೊಬ್ಬ ಆಗುವುದಿಲ್ಲ ಎಂದ. ಅಷ್ಟರಲ್ಲಿ ಅವನ ಕುಲದವನೇ ಒಬ್ಬ ಬಲಿ ಕೊಡಲು ಮುಂದೆ ಬಂದ. ಮುದುಕ ಓಡಿ ಹೋಗಿ ಅವನನ್ನು ಬಲಿಕಟ್ಟೆಯ ಮೇಲೆಯೇ ಕೊಂದ, ಅಧಿಕಾರಿಯನ್ನೂ ಕೊಂದ, ಕಟ್ಟೆ ಒಡೆದ, ಐದು ಗಂಡುಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಸೇರಿದ. ಬಂಡಾಯ ಗೆದ್ದಿತು, ದೇವಾಲಯದಲ್ಲಿ ಮತ್ತೆ ದೀಪ ಹತ್ತಿತು. ಸರ್ ಕೈ ಎತ್ತಿ ಮುದುಕನಾದರು, ಬಗ್ಗಿ ಗುಡ್ಡ ಹತ್ತಿದರು. ಸಾಣಾಪುರದ ಬಂಡೆಗಳ ಸಂದಿಯಲ್ಲಿ ಆ ಐವರು ಅಡಗಿದ್ದಾರೇನೋ ಎನಿಸಿತು. ಕಥೆ ಮುಗಿದಾಗ ಚಪ್ಪಾಳೆ ಬಿತ್ತು. ನಮ್ಮ ಪಾಠಕ್ಕೆ ಅದಕ್ಕಿಂತ ಮುಂಚೆ ಚಪ್ಪಾಳೆ ಬಿದ್ದದ್ದಿಲ್ಲ. ಸರ್ ನಾಚಿಕೊಂಡು ಕನ್ನಡಕ ಒರೆಸಿಕೊಂಡರು.

ಹಿಂದಿನ ಸಾಲಿನಲ್ಲಿ ಹೊನ್ನಪ್ಪ ಕಣ್ಣು ತುಂಬಿಕೊಂಡು ಕೂತಿದ್ದ. ಹೊನ್ನಪ್ಪ ಬೇವೂರಿನವನು, ಯಲಬುರ್ಗಾದ ಸರ್ಕಾರಿ ಶಾಲೆಯಲ್ಲಿ ಜವಾನ, ನಲವತ್ತರ ಹತ್ತಿರದವನು. ಕುಡಿತ ಬಿಡಲೆಂದು ನಮ್ಮಲ್ಲಿಗೆ ಬರತೊಡಗಿದವನು, ಬಿಟ್ಟಿದ್ದ ಕೂಡ. ಅವನ ಅವ್ವ ಎಲ್ಲಮ್ಮನ ಭಕ್ತೆ. ಮಗ ಬೇರೆ ದೇವರ ಕಡೆ ಹೋಗುತ್ತಾನೆಂದು ಆಕೆ ಜಗಳವಾಡಿರಲಿಲ್ಲ.

ಮುಂದಿನ ಶನಿವಾರ ಹೊನ್ನಪ್ಪ ಬರಲಿಲ್ಲ. ಅವನ ಅವ್ವ ಬಂದಳು. ಚಪ್ಪಲಿ ಬಿಡದೆ ಬಾಗಿಲ ಹೊರಗೇ ನಿಂತು, ಸೆರಗಿನಿಂದ ಬಾಯಿ ಒರೆಸಿಕೊಂಡು, 'ಕಥಿ ಹೇಳೂ ಮಾಸ್ತರ ಯಾರ್ರಿ?' ಎಂದಳು.

ಸರ್ ಎದ್ದು ಹೊರಗೆ ಹೋದರು. ನಾನು ಹಿಂದೆಯೇ ಹೋದೆ.

'ನನ್ನ ದೇವರ ಜಗಲಿ ಮ್ಯಾಲಿನ ದೇವ್ರನ್ನ ಚೀಲದಾಗ ಹಾಕ್ಕೊಂಡು ಹೋಗಿ ಹಾಳಬಾವ್ಯಾಗ ಒಗದಾನ್ರಿ ನನ್ನ ಮಗ. ಎಲ್ಲಮ್ಮನ ಹಿತ್ತಾಳಿ ಮಾರಿ, ನಮ್ಮ ಹಿರ್ಯಾರ ಕಲ್ಲು ಎರಡು. ಯಾಕೋ ಅಂದ್ರ, ಮಾಸ್ತರ ಹೇಳ್ಯಾರ, ಮುದುಕ ಒಬ್ಬಾಂವ ಹಿಂಗ ಒಡದಾನಂತ ಅಂದ. ಕುಡದು ಬರ್ತಿದ್ದಾಗ ನನ್ನ ಬಡದಾನ್ರಿ, ಹೆಂಡ್ತೀನ ಬಡದಾನ, ಗಡಗಿ ಒಡದಾನ. ಜಗಲಿ ಮುಟ್ಟಿದ್ದಿಲ್ಲ.'

ಇಷ್ಟು ಹೇಳಿ, ಮಗನ ಕೈಯಿಂದ ಇನ್ನು ನೀರೂ ಮುಟ್ಟುವುದಿಲ್ಲವೆಂದು ಆಣೆ ಮಾಡಿರುವುದಾಗಿಯೂ, ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೇರೆ ಬೇಯಿಸಿಕೊಳ್ಳುತ್ತಿರುವುದಾಗಿಯೂ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ನನಗಂತೂ ಪೊಲೀಸ್ ಕಂಪ್ಲೇಂಟ್, ಪೇಪರಿನಲ್ಲಿ ಫೋಟೋ, ಕಾರ್ಯದರ್ಶಿಯೆಂದು ನನ್ನ ಹೆಸರು, ಅಮಾನತು, ಮಗಳ ಮದುವೆ: ಎಲ್ಲ ಒಂದೇ ಉಸಿರಿನಲ್ಲಿ ಕಣ್ಣಮುಂದೆ ಬಂತು.

'ಸರ್ರ, ನನ್ನ ನೌಕರಿ ಹೋಗ್ತೈತೇನ್ರಿ?' ಎಂದುಬಿಟ್ಟೆ.

ಸರ್ ನನ್ನನ್ನು ನೋಡಲೂ ಇಲ್ಲ. 'ನಿಮ್ಮ ನೌಕರಿ ಎಲ್ಲೂ ಹೋಗೂದಿಲ್ರಿ. ಅಕಿ ಮನಿ ಊಟ ಹೋಗೇತಿ' ಎಂದರು.

ಮರುದಿನವೇ ನನ್ನ ಗಾಡಿಯ ಹಿಂದೆ ಕೂತು ಬೇವೂರಿಗೆ ಬಂದರು. ಹೊನ್ನಪ್ಪ ಹಾಳುಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಸರ್ ತನ್ನ ಬೆನ್ನು ಚಪ್ಪರಿಸಲು ಬಂದಿದ್ದಾರೆಂದೇ ತಿಳಿದು ಎದ್ದು ನಿಂತ.

'ನೀ ಆ ಮುದುಕ ಆಗೀನಿ ಅಂತ ತಿಳದೀಯೇನಪಾ?' ಎಂದರು ಸರ್. 'ಮುದುಕನ ದೇವರ ಮನ್ಯಾಗ ಬ್ಯಾರೆಯವರು ಹೊಕ್ಕಿದ್ರು. ಇಲ್ಲಿ ಯಾರು ಯಾರ ಜಗಲಿಗೆ ಕೈ ಹಚ್ಚ್ಯಾರ? ನೀ ಆ ಅರಸನ ಅಧಿಕಾರಿ ಆಗೀದಿ.'

'ನೀವ ಹೇಳಿದ್ರೆಲ್ರಿ ಸರ್ರ...'

'ನಾ ಅರ್ಧಾ ಹೇಳಿದೆ. ತಪ್ಪು ನಂದು. ಉಳಿದದ್ದು ಕೇಳು.'

ಆ ಕಟ್ಟೆಯ ಮೇಲೆ ಕೂತು ಬಾಜೂ ಮನೆಯ ಮಾತು ಹೇಳಿದರು. ಬಂಡೆದ್ದವರ ಮಕ್ಕಳು ಮೊಮ್ಮಕ್ಕಳು ತಾವೇ ಅರಸರಾದರು. ನೆರೆಯ ಸೀಮೆ ಗೆದ್ದು, ಅಲ್ಲಿಯವರಿಗೆ ನಮ್ಮ ಧರ್ಮಕ್ಕೆ ಬನ್ನಿ, ಇಲ್ಲವೇ ಊರು ಬಿಡಿ ಎಂದರು. ಅಜ್ಜನಿಗೆ ಯಾವುದನ್ನು ಮಾಡಿದ್ದಕ್ಕೆ ಸಿಟ್ಟು ಬಂದಿತ್ತೋ ಅದನ್ನೇ ಮೊಮ್ಮಕ್ಕಳು ಮಾಡಿದರು. 'ಹಂಗ ಬಲವಂತಕ್ಕ ಬಂದ ಮಂದಿ ಪೈಕಿಯಿಂದಾನ ಮುಂದ ಒಬ್ಬ ಅರಸ ಬಂದ. ಹೊಸ ಒಡಂಬಡಿಕಿ ಸುರುವಿಗೆ ಬೆತ್ಲೆಹೇಮಿನ ಕೂಸುಗಳನ್ನ ಕೊಲ್ಲಿಸಿದನಲ್ಲ, ಅಂವ. ಖಾಲಿ ಹಾಳ್ಯಾಗ ಇದೆಲ್ಲಾ ಐತಿ ಹೊನ್ನಪ್ಪಾ. ನಾ ನಿನಗ ಓದಿ ಹೇಳಲಿಲ್ಲ.'

ಹೊನ್ನಪ್ಪ ಎದ್ದು ಹೋದ.

ಆಮೇಲಿನದ್ದನ್ನು ನೆನೆದರೆ ನನಗೆ ಈಗಲೂ ನಗು, ಸಂಕಟ ಎರಡೂ ಒಟ್ಟಿಗೆ ಬರುತ್ತವೆ. ಸರ್ ಎಲ್ಲಿಂದಲೋ ಒಂದು ಪಾತಾಳಗರಡಿ ತಂದರು, ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು. ಭಾನುವಾರ ಆರಾಧನೆ ಮುಗಿಸಿ, ಇಸ್ತ್ರಿ ಮಾಡಿದ ಅದೇ ಬಿಳಿ ಅಂಗಿಯಲ್ಲಿ ಬಸ್ಸು ಹತ್ತಿ ಬೇವೂರಿಗೆ ಹೋಗಿ, ಹಾಳುಬಾವಿಗೆ ಹಗ್ಗ ಬಿಟ್ಟು ಎಲ್ಲಮ್ಮನನ್ನು ಹುಡುಕುವುದು! ಊರವರು ಸುತ್ತ ನಿಂತು ನೋಡಿದರು. 'ಏನ್ರಿ ಮಾಸ್ತರ, ನಿಮ್ಮ ದೇವರಿಗೆ ಸಿಟ್ಟು ಬರೂದಿಲ್ಲೇನು?' ಎಂದು ಒಬ್ಬ ಕೆಣಕಿದ. 'ಬಂದ್ರ ನನಗ ಬರ್ತೈತಿ. ನೀ ಹಗ್ಗ ಹಿಡಿ' ಎಂದರು ಸರ್. ಈ ಕಡೆ ನಮ್ಮ ಪ್ರಾರ್ಥನಾಲಯದ ಹಿರಿಯರು ಸಿಟ್ಟಾದರು. ಆ ಕಡೆಯವರು ಯಾವಾಗ ಸಿಟ್ಟಾಗುತ್ತಾರೋ ಎಂದು ನಾನು ಕಾಯುತ್ತಿದ್ದೆ. ಗರಡಿಗೆ ಸೈಕಲ್ ಟ್ಯೂಬು ಬಂತು, ಹರಿದ ಚಪ್ಪಲಿ ಬಂತು, ತಳವಿಲ್ಲದ ಬಕೀಟು ಬಂತು.

ಒಂದು ಭಾನುವಾರ ಸರ್ ಕೈ ಹಗ್ಗ ಉಜ್ಜಿ ಸುಲಿದಿತ್ತು. ದೂರದಿಂದ ನೋಡುತ್ತಿದ್ದ ಹೊನ್ನಪ್ಪ ಬಂದು ಏನೂ ಹೇಳದೆ ಅವರ ಕೈಯಿಂದ ಹಗ್ಗ ಕಿತ್ತುಕೊಂಡ. ಆ ಸಂಜೆ ಹಿತ್ತಾಳೆ ಮುಖ ಮೇಲೆ ಬಂತು, ಒಂದು ಕೆನ್ನೆ ತಗ್ಗಾಗಿ. ಅವ್ವ ಅದನ್ನು ಮಗನ ಕೈಯಿಂದ ತೆಗೆದುಕೊಳ್ಳಲಿಲ್ಲ. ಅವನು ಕಟ್ಟೆಯ ಮೇಲಿಟ್ಟ ಮೇಲೆ ಎತ್ತಿಕೊಂಡಳು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕಲ್ಲುಗಳು ಬರಲಿಲ್ಲ. ಕಲ್ಲನ್ನು ಕೊಕ್ಕೆ ಹಿಡಿಯುವುದಿಲ್ಲ. ಕೆಳಗಿಳಿದರೂ ಬಾವಿಯ ತುಂಬ ಕಲ್ಲೇ, ಯಾವುದು ಹಿರಿಯರೆಂದು ಹೇಳುವವರು ಯಾರು? ಅಂಗಳದ ಮೂರು ಕಲ್ಲಿನ ಒಲೆ ಹಾಗೇ ಉಳಿಯಿತು.

ನಮ್ಮ ಹಿರಿಯರು ಸಭೆ ಸೇರಿ, ಆ ನಡುವಿನ ಕಾಲದ ಪಾಠ ಸಾಕು, ನೇರ ಹೊಸ ಒಡಂಬಡಿಕೆಗೆ ಹೋಗಿ ಎಂದು ತೀರ್ಮಾನಿಸಿದರು. ಸರ್ ವಾದ ಮಾಡಲಿಲ್ಲ. ಕಪಾಟಿಗೆ ಕೀಲಿ ಹಾಕಿದರು. ಅಂದಿನಿಂದ ಅವರ ತಟ್ಟೆಯಲ್ಲಿ ಶೇಂಗಾ ಬದಿಗೆ ಇರುತ್ತಿರಲಿಲ್ಲ. ಮಂಡಾಳದ ಜೊತೆ ಕಲಸಿ ಹೇಗೆ ಬಂತೋ ಹಾಗೆ ತಿನ್ನುತ್ತಿದ್ದರು. ನನ್ನಂಥ ಚಿಂತೆಯ ಮನುಷ್ಯನಿಗೆ ಇಂಥದ್ದೇ ಮೊದಲು ಕಾಣುವುದು.

ಸರ್ ತೀರಿಕೊಳ್ಳುವ ಹಿಂದಿನ ವಾರ ಅವರ ಮನೆಗೆ ಹೋಗಿದ್ದೆ. ಉಸಿರಿಗೆ ತ್ರಾಸವಿತ್ತು. ಕೀಲಿ ಕೊಟ್ಟು, 'ಪಾಠ ಅರ್ಧಕ್ಕ ನಿಂತೈತಿ. ನೀವ ಪುಸ್ತಕ ಆರಿಸಿ ಮುಗಸ್ರಿ' ಎಂದರು.

'ನನಗೇನ್ ಗೊತ್ತೈತ್ರಿ ಸರ್ರ?'

'ಅದಕ್ಕ ನಿಮಗ ಹೇಳಾಕತ್ತೀನಿ. ಗೊತ್ತೈತಿ ಅನ್ನೋರಿಗೆ ಕೊಡೂದಿಲ್ಲ.' ಸ್ವಲ್ಪ ಸುಧಾರಿಸಿಕೊಂಡು, 'ಆದ್ರ ಮೊದಲ ಜಗಳದ ಮನಿ ಕೇಳ್ರಿ. ಬೇವೂರಿಗೆ ಹೋಗ್ರಿ' ಎಂದರು.

ಮಣ್ಣು ಕೊಡುವ ದಿನ ಹೊನ್ನಪ್ಪನ ಅವ್ವ ಬಂದಿದ್ದಳು. ಸ್ಮಶಾನದ ಗೇಟಿನ ಹೊರಗೇ ನಿಂತು, ಎಲ್ಲ ಮುಗಿದ ಮೇಲೆ ಒಳಗೆ ಬಂದು ಒಂದು ಹಿಡಿ ಮಣ್ಣು ಹಾಕಿ ಹೋದಳು. ಹೊನ್ನಪ್ಪ ಅಲ್ಲೇ ಇದ್ದ. ಇಬ್ಬರೂ ಬೇರೆ ಬೇರೆ ಬಸ್ಸಿಗೆ ಹೋದರು.

ಮೂರು ತಿಂಗಳು ಕಿಸೆ ಮುಟ್ಟಿಕೊಂಡು ಕಳೆದ ಮೇಲೆ, ಹೋದ ವಾರ ಬೇವೂರಿಗೆ ಹೋದೆ. ಹಿರಿಯರಿಗೆ ಒಂದು ಪಾಠ ಮಾತ್ರ ಎಂದು ಕೈಕಾಲು ಹಿಡಿದು ಒಪ್ಪಿಸಿದ್ದೆ. ಅಂಗಳದ ಒಲೆಯ ಮುಂದೆ ಕೂತಿದ್ದ ಆಕೆಗೆ, ಆ ಕಥೆಯನ್ನು ಮತ್ತೆ, ಈ ಸಲ ಪೂರ್ತಿ ಹೇಳಬೇಕೆಂದಿದ್ದೇವೆ, ನೀವು ಬೇಡವೆಂದರೆ ಇಲ್ಲ ಎಂದೆ. ಬೇಡವೆನ್ನಲಿ ಎಂದು ಒಳಗೊಳಗೇ ಹಾರೈಸುತ್ತಿದ್ದೆ.

'ಹೇಳ್ರಿ' ಎಂದಳು, ರೊಟ್ಟಿ ತಿರುವಿ ಹಾಕುತ್ತ. 'ನನ್ನ ಮುಂದ ಹೇಳ್ರಿ.'

ಶನಿವಾರ ಬಂದಳು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತಳು. ಹೊನ್ನಪ್ಪ ಹಿಂದಿನ ಸಾಲಿನಲ್ಲಿ. ನಾನು ಮೂರು ಪುಸ್ತಕ ಬಿಡಿಸಿಟ್ಟುಕೊಂಡು, ಸಾಲು ತಪ್ಪದಿರಲೆಂದು ಬೆರಳಿಟ್ಟುಕೊಂಡು ಓದಿದೆ. ಸರ್ ಹಾಗೆ ನನಗೆ ಹೇಳಲು ಬರುವುದಿಲ್ಲ. ಯಾರೂ ಗುಡ್ಡ ಹತ್ತಲಿಲ್ಲ, ಚಪ್ಪಾಳೆಯ ಪ್ರಶ್ನೆಯೇ ಇರಲಿಲ್ಲ. ಮುದುಕ ಬಲಿಕಟ್ಟೆಯ ಹತ್ತಿರ ತನ್ನ ಕುಲದವನನ್ನು ಕೊಂದ ಎಂಬಲ್ಲಿಗೆ ಬಂದಾಗ ಹೊರಗಿನಿಂದ ದನಿ ಬಂತು.

'ಸತ್ತಾಂವಗ ಅವ್ವ ಇದ್ದಳೇನ್ರಿ?'

ನಾನು ಅವರ ಮನೆಯ ಪುಸ್ತಕ ನೋಡಿದೆ. ಬಾಜೂ ಮನೆಯದು ನೋಡಿದೆ. ಜಗಳದ ಮನೆಯದನ್ನೂ ತಿರುವಿದೆ. ಅವನ ಹೆಸರೇ ಎಲ್ಲೂ ಇಲ್ಲ. ಅವ್ವ ಎಲ್ಲಿಂದ ಬರಬೇಕು?

'ಗೊತ್ತಿಲ್ರಿ ಯವ್ವಾ' ಎಂದೆ.

'ಇದ್ದಳು' ಎಂದ ಹೊನ್ನಪ್ಪ, ತಲೆ ಎತ್ತದೆ.

ಆಮೇಲೆ ನಾನು ಉಳಿದದ್ದನ್ನು ಓದಿ ಮುಗಿಸಿದೆ, ಮೊಮ್ಮಕ್ಕಳು ನೆರೆಯವರಿಗೆ ಮಾಡಿದ್ದರವರೆಗೆ. ಚಹಾ ಬಂತು. ಹೊನ್ನಪ್ಪ ಎದ್ದು ಒಂದು ಗ್ಲಾಸು ತೆಗೆದುಕೊಂಡು ಹೊರಗೆ ಹೋಗಿ ಅವ್ವನ ಮುಂದೆ ಹಿಡಿದ. ಆಕೆ ಬಹಳ ಹೊತ್ತು ಅವನ ಕೈಯನ್ನೇ ನೋಡಿದಳು. ಮುಂದಿನದನ್ನು ನೋಡುವ ಧೈರ್ಯ ನನಗಾಗಲಿಲ್ಲ. ಪುಸ್ತಕ ಇಡುವ ನೆವದಿಂದ ಕಪಾಟಿನ ಕಡೆ ತಿರುಗಿ, ಕೀಲಿ ಹಾಕಿ, ಹಾಕಿದ್ದೇನೆಯೇ ಎಂದು ಜಗ್ಗಿ ನೋಡಿ, ಮತ್ತೊಮ್ಮೆ ಜಗ್ಗಿದೆ.

ಹೊರಗೆ ಬಂದಾಗ ಅವ್ವ-ಮಗ ಇಬ್ಬರೂ ಇರಲಿಲ್ಲ. ಗ್ಲಾಸು ಕಟ್ಟೆಯ ಮೇಲೆ ಬೋರಲಾಗಿತ್ತು. ಕುಡಿದಳೋ, ಚೆಲ್ಲಿದಳೋ? ನಾನು ಬಗ್ಗಿ ಕಟ್ಟೆಯ ಕೆಳಗಿನ ಮಣ್ಣನ್ನು ಅಂಗೈಯಿಂದ ಮುಟ್ಟಿ ನೋಡಿದೆ.

ಒಣಗಿತ್ತು.